ಮುಯ್ಯಿ: ತೀರಿಸುವುದೋ, ತೀರಿಸಿಕೊಳ್ಳುವುದೋ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು. ಪದ ಸಣ್ಣದು, ‘ಮುಯ್ಯಿ’. ಅದರ ಹಿಂದಿನ ಮಾತು ಸ್ವಲ್ಪ ಉದ್ದ ಇದೆ. ದಯವಿಟ್ಟು ಓದಿ, ನಿಮ್ಮ ಕಡೆಯ ಬಳಕೆ ತಿಳಿಸಿ.

ನಾನು ಮಂಡ್ಯ ಕಡೆಯವಳು. ಹೋದ ತಿಂಗಳು ಅಣ್ಣನ ಮಗಳು ಬೆಂಗಳೂರಿನಿಂದ ಊರಿಗೆ ಬಂದಿದ್ದಳು. ಅವಳ ಮೊಬೈಲಿಗೆ ಗೆಳತಿಯ ಹುಟ್ಟುಹಬ್ಬದ ಕರೆ ಬಂತು. ಹೋಟೆಲೊಂದರ ಮಹಡಿಯ ಮೇಲೆ ಪಾರ್ಟಿ. ಕರೆಯ ಕೆಳಗೆ ಇನ್ನೊಂದು ಸಾಲಿತ್ತು: ತಲಾ 1,400 ರೂಪಾಯಿ, ಶುಕ್ರವಾರದೊಳಗೆ ಕಳಿಸಿ. ಅವಳು ಅಲ್ಲೇ ಕೂತು ಯುಪಿಐನಲ್ಲಿ ದುಡ್ಡು ಕಳಿಸಿದಳು. ಪಕ್ಕದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ನಮ್ಮವ್ವ ಕೇಳಿದಳು, “ಅದ್ಯಾಕ್ ಮಗಾ, ಮುಯ್ಯಿನ ಊಟಕ್ಕೆ ಮುಂಚೆನೇ ಇಸ್ಕೋತಾರಾ ನಿಮ್ಮಲ್ಲಿ?”

ಹುಡುಗಿ ತಲೆ ಎತ್ತಿ ನೋಡಿದಳು. “ಅಜ್ಜಿ, ಮುಯ್ಯಿ ಅಂದ್ರೆ ಸೇಡು ಅಲ್ವಾ? ನಾನ್ಯಾರ ಮೇಲೆ ಸೇಡು ತೀರಿಸ್ಕೊಳ್ಳಲಿ?”

ಅವ್ವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಆವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಒಂದೇ ಮನೆಯಲ್ಲಿ ಒಂದೇ ಪದಕ್ಕೆ ಅಜ್ಜಿಗೊಂದು ಅರ್ಥ, ಮೊಮ್ಮಗಳಿಗೊಂದು ಅರ್ಥ. ಅಜ್ಜಿಗೆ ಅದು ಮದುವೆ ಮನೆಯ ಮಾತು. ಮೊಮ್ಮಗಳಿಗೆ ಅದು ಟಿವಿಯ ಮಾತು, ಭಾಷಣದ ಮಾತು. ‘ಮುಯ್ಯಿಗೆ ಮುಯ್ಯಿ’ ಅನ್ನುವುದನ್ನು ಅವಳು ಸುದ್ದಿಯ ತಲೆಬರಹದಲ್ಲಿ ಬಿಟ್ಟು ಬೇರೆಲ್ಲೂ ಕೇಳಿಲ್ಲವಂತೆ.

ಮುಯ್ಯಿ ಅಂದರೆ ನಮ್ಮ ಕಡೆ ಏನು ಎಂದು ಮೊದಲು ಹೇಳಿಬಿಡುತ್ತೇನೆ. ಮದುವೆಗೋ, ಬೀಗರ ಊಟಕ್ಕೋ, ಗೃಹಪ್ರವೇಶಕ್ಕೋ ಹೋದವರು ಕೈಯಲ್ಲಿಟ್ಟು ಬರುವ ಕಾಣಿಕೆ. ದುಡ್ಡೇ ಜಾಸ್ತಿ. ಪಾತ್ರೆ ಕೊಡುವವರೂ ಇದ್ದರು. ಸ್ಟೀಲ್ ಬಿಂದಿಗೆಯ ಕುತ್ತಿಗೆ ಮೇಲೆ ಕೊಟ್ಟವರ ಹೆಸರು, ತಾರೀಖು ಕೆತ್ತಿಸುತ್ತಿದ್ದರು. ಮಂಟಪದ ಪಕ್ಕ ಒಂದು ಮೇಜು. ಅಲ್ಲಿ ಅಕ್ಷರ ಚೆನ್ನಾಗಿರುವ ಒಬ್ಬರು, ಹೆಚ್ಚಿನ ಸಲ ಊರಿನ ಮೇಷ್ಟ್ರು, ಪುಸ್ತಕ ಹಿಡಿದು ಕೂರುತ್ತಾರೆ. ಮೊದಲ ಪುಟದ ಮೂಲೆಗೆ ಅರಿಶಿನ ಕುಂಕುಮ, ಮೇಲೆ ‘ಶ್ರೀ’. ಆಮೇಲೆ ಹೆಸರು, ಊರು, ಮೊತ್ತ. ಮೊತ್ತ 11, 21, 51, 101. ಕೊನೆಗೆ ಒಂದು ಇರಲೇಬೇಕು. ಈಗ ಅಂಗಡಿಯಲ್ಲಿ ಸಿಗುವ ಕವರಿಗೆ ಆ ಒಂದು ರೂಪಾಯಿಯ ನಾಣ್ಯವನ್ನು ಅಂಟಿಸಿಯೇ ಕೊಡುತ್ತಾರೆ. ಅಷ್ಟು ಗಟ್ಟಿ ಆ ರೂಢಿ.

ಆ ಪುಸ್ತಕ ಬರೀ ನೆನಪಿಗಲ್ಲ. ನಾಳೆ ಅವರ ಮನೆಯಲ್ಲಿ ಮದುವೆ ಆದಾಗ ತೆಗೆದು ನೋಡುತ್ತಾರೆ. ಅವರು 51 ಹಾಕಿದ್ದರೆ ನಾವು 51ಕ್ಕೆ ಕಡಿಮೆ ಹಾಕುವ ಹಾಗಿಲ್ಲ. ಸ್ವಲ್ಪ ಮೇಲೆಯೇ ಹಾಕುತ್ತೇವೆ. ಸರಿಸಮ ಹಾಕಿದರೆ ಲೆಕ್ಕ ಮುಗಿದ ಹಾಗೆ, ನಂಟೂ ಮುಗಿದ ಹಾಗೆ ಎಂದು ಅಪ್ಪ ಹೇಳುತ್ತಿದ್ದರು. ಮೇಲೆ ಹಾಕಿದ ಹತ್ತು ರೂಪಾಯಿ ಮತ್ತೆ ಅವರನ್ನು ನಮ್ಮ ಮನೆಗೆ ಕರೆತರುತ್ತದೆ. ಹೀಗೆ ಒಂದು ಮದುವೆಯಿಂದ ಇನ್ನೊಂದು ಮದುವೆಗೆ ದಾರ ಎಳೆದುಕೊಂಡು ಹೋಗುತ್ತಾರೆ. ಬ್ಯಾಂಕು ದೂರ ಇದ್ದ ಕಾಲದಲ್ಲಿ ಬಡವರ ಮನೆ ಮದುವೆ ನಡೆದದ್ದೇ ಈ ದಾರದ ಮೇಲೆ. ಅಕ್ಕಿಯ ಸಾಲವನ್ನೂ ಅಡುಗೆಯವರ ಕೂಲಿಯನ್ನೂ ಮಾರನೆಯ ದಿನ ಮುಯ್ಯಿ ದುಡ್ಡಿನಲ್ಲೇ ಕೊಟ್ಟು ಮುಗಿಸಿದ ಮನೆಗಳು ನನಗೆ ಗೊತ್ತು.

ಇದೇ ಪದ ಹೊಲದಲ್ಲೂ ಇದೆ. ‘ಮುಯ್ಯಾಳು’. ಇವತ್ತು ನಮ್ಮ ಗದ್ದೆ ನಾಟಿಗೆ ನೀವು ಬನ್ನಿ, ನಾಳೆ ನಿಮ್ಮ ಗದ್ದೆಗೆ ನಾವು ಬರುತ್ತೇವೆ. ಕೂಲಿ ಇಲ್ಲ. ಕೊಟ್ಟ ದಿನಕ್ಕೆ ದಿನ ವಾಪಸ್. ನಾಟಿ ಯಂತ್ರ ಬಂದ ಮೇಲೆ ನಮ್ಮೂರಲ್ಲಿ ಈ ಮಾತು ಕೇಳುವುದು ಅಪರೂಪವಾಗಿದೆ. ನಿಮ್ಮ ಕಡೆ ಇನ್ನೂ ಉಳಿದಿದೆಯಾ?

ಅಕ್ಕಪಕ್ಕದ ಭಾಷೆಗಳನ್ನು ನೋಡಿದರೆ ಖುಷಿಯಾಗುತ್ತದೆ. ತಮಿಳಿನಲ್ಲಿ ‘ಮೊಯ್’. ಪುದುಕ್ಕೋಟ್ಟೈ, ತಂಜಾವೂರು ಕಡೆ ‘ಆಡಿ’ ತಿಂಗಳಲ್ಲಿ (ಜುಲೈ-ಆಗಸ್ಟ್) ‘ಮೊಯ್ ವಿರುಂದು’ ಎಂದೇ ಮಾಡುತ್ತಾರೆ. ಮದುವೆ ಇಲ್ಲ, ಮುಂಜಿ ಇಲ್ಲ. ಮೊಯ್ ಕೂಡಿಸಲೆಂದೇ ಊಟ. ಹಲವು ಮನೆಯವರು ಸೇರಿ ಒಂದೇ ಚಪ್ಪರ ಹಾಕುತ್ತಾರೆ. ಬಂದವರು ಬಾಡೂಟ ಮಾಡಿ, ಮೇಜಿನ ಹತ್ತಿರ ದುಡ್ಡು ಕೊಟ್ಟು, ಹೆಸರು ಬರೆಸಿ ಹೋಗುತ್ತಾರೆ. ಆ ದುಡ್ಡಿನಲ್ಲಿ ಒಬ್ಬ ಬಾವಿ ತೋಡಿಸುತ್ತಾನೆ, ಇನ್ನೊಬ್ಬ ಅಂಗಡಿ ಇಡುತ್ತಾನೆ. ಮುಂದೆ ಅವನೂ ಎಲ್ಲರಿಗೂ ವಾಪಸ್ ಹಾಕಬೇಕು. 2022ರಲ್ಲಿ ಪೇರಾವೂರಣಿಯ ಶಾಸಕರೊಬ್ಬರು ಇಂಥ ಊಟ ಹಾಕಿದಾಗ ಕೂಡಿದ ಮೊತ್ತ ಕೋಟಿಗಳಲ್ಲಿತ್ತು, ದೇಶಕ್ಕೆಲ್ಲ ಸುದ್ದಿಯಾಯಿತು.

ತೆಲುಗಿನಲ್ಲಿ ‘ಚದಿವಿಂಪುಲು’ ಅನ್ನುತ್ತಾರೆ. ಚದುವು ಅಂದರೆ ಓದು. ನಮ್ಮಲ್ಲೂ ‘ಮುಯ್ಯಿ ಓದಿಸುವುದು’ ಎಂಬ ಮಾತಿದೆ ಅಲ್ವಾ? ಯಾರು ಎಷ್ಟು ಕೊಟ್ಟರು ಎಂದು ಎಲ್ಲರೆದುರು ಕೂಗಿ ಓದುತ್ತಿದ್ದರಿಂದ ಬಂದ ಮಾತು. ಧಾರವಾಡ, ಬೆಳಗಾವಿ ಕಡೆಯವರಿಂದ ‘ಆಹೇರಿ’, ‘ಆಯೇರಿ’ ಎಂದು ಕೇಳಿದ್ದೇನೆ. ಮರಾಠಿಯ ‘ಆಹೇರ್’ ಜೊತೆಯ ನಂಟು ಅಲ್ಲಿ ಕಾಣುತ್ತದೆ. ಆ ಕಡೆಯವರು ಯಾರಾದರೂ ಇದ್ದರೆ, ನಿಮ್ಮಲ್ಲಿ ಆಹೇರಿ ಅಂದರೆ ಬಟ್ಟೆ ಮಾತ್ರವೋ, ದುಡ್ಡೂ ಸೇರುತ್ತದೋ ತಿಳಿಸಿ.

ಈಗ ಸೇಡಿನ ಅರ್ಥಕ್ಕೆ ಬರುತ್ತೇನೆ. ಆ ಅರ್ಥ ಹೊಸದಲ್ಲ. ನಿಘಂಟುಗಳಲ್ಲಿ ಎರಡೂ ಇವೆ: ಕೊಟ್ಟದ್ದಕ್ಕೆ ಪ್ರತಿಯಾಗಿ ಕೊಡುವುದು, ಮಾಡಿದ್ದಕ್ಕೆ ಪ್ರತಿಯಾಗಿ ಮಾಡುವುದು. ಒಳ್ಳೆಯದಾದರೂ ಸರಿ, ಕೆಟ್ಟದ್ದಾದರೂ ಸರಿ, ‘ವಾಪಸ್’ ಅನ್ನುವುದೇ ಪದದ ತಿರುಳು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು 700ರ ಹೊತ್ತಿನದು. ಅಲ್ಲಿನ ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಎಂಬ ಸಾಲು ಎಲ್ಲರಿಗೂ ಗೊತ್ತು. ಮುಂದೆ ‘ಬಾಧಿಪ್ಪ ಕಲಿಗೆ’ ಅವನು ಹೇಗೆ ಎಂದೂ ಹೇಳುತ್ತದೆ. ‘ಮುಯ್ಯಿಗೆ ಮುಯ್ಯಿ’ಯ ಅಚ್ಚು ಅದೇ. ಇಂಥದ್ದಕ್ಕೆ ಇಂಥದ್ದು. ಆದರೆ ಶಾಸನ ಬರೆಸಿದವನು ಮೊದಲು ನೆನೆದದ್ದು ಒಳ್ಳೆಯದಕ್ಕೆ ಒಳ್ಳೆಯದು. ಕೆಡುಕಿನ ಮಾತು ಆಮೇಲೆ. ಆ ಸರದಿ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಇದರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ನಮ್ಮ ಕಡೆ ವಾಪಸ್ ಕಾಣಿಕೆ ಹಾಕುವುದಕ್ಕೆ ‘ಮುಯ್ಯಿ ತೀರಿಸುವುದು’ ಅನ್ನುತ್ತೇವೆ. ಸೇಡಿಗೆ ‘ಮುಯ್ಯಿ ತೀರಿಸಿಕೊಳ್ಳುವುದು’. ನಡುವೆ ಇರುವುದು ‘ಕೊಳ್ಳು’ ಮಾತ್ರ. ಸಾಲ ತೀರಿಸುತ್ತೇವೆ, ಋಣ ತೀರಿಸುತ್ತೇವೆ. ಅಲ್ಲೆಲ್ಲ ಇನ್ನೊಬ್ಬರಿಗೆ ಸೇರಬೇಕಾದ್ದು ಅವರಿಗೆ ಸೇರುತ್ತದೆ. ಬಯಕೆ ತೀರಿಸಿಕೊಳ್ಳುತ್ತೇವೆ, ತೆವಲು ತೀರಿಸಿಕೊಳ್ಳುತ್ತೇವೆ, ಸೇಡು ತೀರಿಸಿಕೊಳ್ಳುತ್ತೇವೆ. ಅಲ್ಲೆಲ್ಲ ಫಲ ನಮಗೇ. ಕನ್ನಡ ಈ ಸಣ್ಣ ‘ಕೊಳ್ಳು’ವಿನಿಂದ ಕೊಡುವ ಮುಯ್ಯಿಯನ್ನೂ ಕಸಿಯುವ ಮುಯ್ಯಿಯನ್ನೂ ಬೇರೆ ಬೇರೆ ಇಟ್ಟಿದೆ. ಎಷ್ಟು ಚೆಂದದ ಬೇಲಿ ಇದು!

ವೇದಿಕೆಯ ಮೇಲೆ ಮೈಕು ಹಿಡಿದವರು ಈ ಬೇಲಿಯನ್ನು ದಿನವೂ ಕೀಳುತ್ತಿದ್ದಾರೆ ಅನ್ನುವುದು ನನ್ನ ನೋವು. ‘ಮುಯ್ಯಿ ತೀರಿಸ್ತೀವಿ’, ‘ಬಡ್ಡಿ ಸಮೇತ ವಾಪಸ್ ಕೊಡ್ತೀವಿ’, ‘ಲೆಕ್ಕ ಚುಕ್ತಾ ಮಾಡ್ತೀವಿ’. ಎಲ್ಲವೂ ಕೊಡುಕೊಳ್ಳುವಿಕೆಯ ಮಾತುಗಳು. ಎಲ್ಲವೂ ಈಗ ಬೆದರಿಕೆಯ ಮಾತುಗಳು. ಸೇಡು ಬೇಕಾದವರಿಗೆ ಕನ್ನಡದಲ್ಲಿ ಪದಗಳಿಗೆ ಬರವೇ? ಸೇಡು ಇದೆ, ಹಗೆ ಇದೆ, ಜಿದ್ದು ಇದೆ. ಮದುವೆ ಮನೆಯ ಮೇಜಿನ ಮೇಲಿಂದ ಮುಯ್ಯಿಯನ್ನು ಯಾಕೆ ಎತ್ತಿಕೊಂಡು ಹೋಗಬೇಕು?

ಸುಮ್ನೆ ದೂರುತ್ತಿಲ್ಲ. ನಮ್ಮ ಜಿಲ್ಲೆಯ ಎರಡು ಪ್ರಸಂಗ ಹೇಳುತ್ತೇನೆ. ಎರಡು ಬೇರೆ ಬೇರೆ ಪಕ್ಷದವರದು.

2018ರ ಡಿಸೆಂಬರಿನಲ್ಲಿ ಮದ್ದೂರಿನಲ್ಲಿ ಜೆಡಿಎಸ್ ಮುಖಂಡರೊಬ್ಬರ ಕೊಲೆಯಾಯಿತು. ಆಗ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ಕುಮಾರಸ್ವಾಮಿಯವರು ಫೋನಿನಲ್ಲಿ ಮಾತಾಡುತ್ತಾ ಕೊಲೆಗಾರರನ್ನು ನಿರ್ದಾಕ್ಷಿಣ್ಯವಾಗಿ ಶೂಟೌಟ್ ಮಾಡಿಸಿ ಎಂದದ್ದು ಕ್ಯಾಮೆರಾದಲ್ಲಿ ಸಿಕ್ಕಿತು. ಆಮೇಲೆ, ಅದು ದುಃಖದಲ್ಲಿ ಬಂದ ಮಾತು, ಮುಖ್ಯಮಂತ್ರಿಯಾಗಿ ಕೊಟ್ಟ ಆದೇಶವಲ್ಲ ಎಂದರು. ದುಃಖ ನಿಜವೇ ಇರಬಹುದು. ನಾನು ‘ನಿರ್ದಾಕ್ಷಿಣ್ಯ’ದ ಹತ್ತಿರ ನಿಂತುಬಿಟ್ಟೆ. ದಾಕ್ಷಿಣ್ಯ ನಮ್ಮ ಮನೆಮಾತು. ಬಂದವರಿಗೆ ಇಲ್ಲ ಅನ್ನಲಾಗದ ಮನಸ್ಸು ಅದು. ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುವುದು ದಾಕ್ಷಿಣ್ಯಕ್ಕೆ. ನಮ್ಮ ಹುಡುಗಿ 1,400 ಕಳಿಸಿದ್ದೂ ದಾಕ್ಷಿಣ್ಯಕ್ಕೇ. ನಾಡಿನ ಪೊಲೀಸರು ಯಾರ ಕೈಕೆಳಗೆ ಇದ್ದಾರೋ ಅವರ ಬಾಯಲ್ಲಿ ಆ ಪದ ಬಂದೂಕಿನ ಜೊತೆ ಸೇರಿತು. ಫೋನಿನ ಆಚೆ ಇದ್ದವರಿಗೆ ದುಃಖದ ಮಾತು ಯಾವುದು, ಆದೇಶ ಯಾವುದು ಎಂದು ಬೇರೆ ಮಾಡಿಕೊಳ್ಳಲು ದಾರಿ ಎಲ್ಲಿದೆ?

ಎರಡನೆಯದು 2023ರ ಫೆಬ್ರುವರಿ. ಆಗ ಸಚಿವರಾಗಿದ್ದ ಬಿಜೆಪಿಯ ಸಿ.ಎನ್. ಅಶ್ವತ್ಥನಾರಾಯಣ ಅವರು ಮಂಡ್ಯದ ಸಭೆಯಲ್ಲಿ ಟಿಪ್ಪುವಿನ ಹೆಸರು ತೆಗೆದರು. ಟಿಪ್ಪುವನ್ನು ಕೊಂದರೆಂದು ಕೆಲವರು ಹೇಳುವ ಉರಿಗೌಡ, ನಂಜೇಗೌಡರು ಮಾಡಿದ ಹಾಗೆಯೇ ಸಿದ್ದರಾಮಯ್ಯನವರನ್ನೂ ‘ಹೊಡೆದು ಹಾಕಬೇಕು’ ಎಂಬ ಮಾತು ಬಂತು. ಟಿಪ್ಪು ಸತ್ತದ್ದು 1799ರ ಮೇ 4ರಂದು, ಶ್ರೀರಂಗಪಟ್ಟಣದ ಕೋಟೆಗೆ ಬ್ರಿಟಿಷರ ಸೈನ್ಯ ನುಗ್ಗಿದಾಗ. ಆ ಇಬ್ಬರು ಗೌಡರು ಇದ್ದರು ಎನ್ನುವುದಕ್ಕೇ ಇತಿಹಾಸಕಾರರು ಆಧಾರ ಕಾಣುತ್ತಿಲ್ಲ. ಅದು ಬೇರೆ ಚರ್ಚೆ. ಸಚಿವರು ಆಮೇಲೆ ವಿಷಾದ ಹೇಳಿದರು. ಚುನಾವಣೆಯಲ್ಲಿ ಸೋಲಿಸಬೇಕು ಎಂಬ ಅರ್ಥದಲ್ಲಿ ಆಡಿದ ಮಾತು ಎಂದರು.

ಈ ವಿವರಣೆ ಕನ್ನಡಕ್ಕೆ ಒಪ್ಪುತ್ತದೆಯೇ? ಇದು ನಮ್ಮಂಥ ಪದದ ಹುಚ್ಚಿನವರು ಉತ್ತರಿಸಬೇಕಾದ ಪ್ರಶ್ನೆ. ನಾನು ಬಹಳ ಯೋಚಿಸಿದೆ. ‘ಹಾಕು’ ಇನ್ನೊಂದು ಕ್ರಿಯೆಯ ಹಿಂದೆ ಬಂದರೆ ಆ ಕೆಲಸ ಪೂರ್ತಿ ಮುಗಿಯಿತು ಎಂದರ್ಥ. ತಿಂದು ಹಾಕಿದ, ಮುರಿದು ಹಾಕಿದ, ಸುಟ್ಟು ಹಾಕಿದ. ಹಿಂದಕ್ಕೆ ಬರುವ ದಾರಿ ಇಲ್ಲ. ಬರೀ ‘ಹೊಡೆ’ ಅಂದರೆ ಪೆಟ್ಟು. ಮೇಷ್ಟ್ರು ಹೊಡೆಯುತ್ತಾರೆ. ‘ಹೊಡೆದು ಹಾಕು’ ಅಂದರೆ ಮನುಷ್ಯನ ವಿಷಯದಲ್ಲಿ ಕೊಲ್ಲು ಎಂದೇ. ನಮ್ಮ ಕಡೆ ಹಾವನ್ನು ಹೊಡೆದು ಹಾಕುತ್ತಾರೆ. ಚುನಾವಣೆಗೆ ‘ಸೋಲಿಸಿ’ ಇದೆ, ‘ಮನೆಗೆ ಕಳಿಸಿ’ ಇದೆ. ಹಳ್ಳಿಯ ಯಾವ ಮುದುಕಿಯನ್ನು ಕೇಳಿದರೂ ಇವುಗಳ ವ್ಯತ್ಯಾಸ ಹೇಳುತ್ತಾಳೆ.

ಇದೇ ಮಾತಿಗೆ ಮೆತ್ತನೆಯ ಅರ್ಥ ಒಂದೇ ಕಡೆ ಇದೆ. ಬರಹದಲ್ಲಿ. ಸಾಲು ಹೊಡೆದು ಹಾಕು, ಪಟ್ಟಿಯಿಂದ ಹೆಸರು ಹೊಡೆದು ಹಾಕು. ನಮ್ಮ ಮನೆಯ ಮುಯ್ಯಿ ಪುಸ್ತಕದಲ್ಲೂ ವಾಪಸ್ ಹಾಕಿ ಆದ ಮೇಲೆ ಆ ಹೆಸರಿನ ಮೇಲೆ ಗೆರೆ ಎಳೆದು ‘ಹೊಡೆದು ಹಾಕು’ತ್ತಿದ್ದರು. ಯಾರೂ ಸಾಯುತ್ತಿರಲಿಲ್ಲ. ಋಣ ತೀರುತ್ತಿತ್ತು.

ಆ ವರ್ಷದ ಚುನಾವಣೆ ಹೊತ್ತಿಗೆ ಇನ್ನೂ ಬಂದವು. ಏಪ್ರಿಲ್ ಕೊನೆಯಲ್ಲಿ ಗದಗ ಜಿಲ್ಲೆಯಲ್ಲಿ ಕಾಂಗ್ರೆಸ್ಸಿನ ಮಲ್ಲಿಕಾರ್ಜುನ ಖರ್ಗೆಯವರು ಪ್ರಧಾನಿಯ ಬಗ್ಗೆ ‘ವಿಷದ ಹಾವು’ ಅಂದರು. ಆಮೇಲೆ, ವ್ಯಕ್ತಿಗಲ್ಲ, ಬಿಜೆಪಿಯ ವಿಚಾರಕ್ಕೆ ಹೇಳಿದ್ದು ಎಂದರು. ಅದರ ಬೆನ್ನಿಗೇ, ಆಗ ಬಿಜೆಪಿಯಲ್ಲಿದ್ದ ಬಸನಗೌಡ ಪಾಟೀಲ ಯತ್ನಾಳರು ಸೋನಿಯಾ ಗಾಂಧಿಯವರನ್ನು ‘ವಿಷಕನ್ಯೆ’ ಅಂದರು. ಹಾವಿಗೆ ಕನ್ಯೆ, ವಿಷಕ್ಕೆ ವಿಷ. ಇದಕ್ಕೇ ತಾನೆ ಪತ್ರಿಕೆಗಳು ‘ಮುಯ್ಯಿಗೆ ಮುಯ್ಯಿ’ ಅನ್ನುವುದು. ನಮ್ಮ ಹುಡುಗಿ ಪದ ಕಲಿತದ್ದು ಇಂಥ ದಿನಗಳಲ್ಲಿ.

ಬೈಗುಳಕ್ಕಿಂತ ನನಗೆ ಜಾಸ್ತಿ ಭಯ ತರುವುದು ಇನ್ನೊಂದು ಬಗೆಯ ಮಾತು. ಕೇಳಲು ತಣ್ಣಗಿರುತ್ತದೆ. 2021ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಿದ್ದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರನ್ನು ಅಲ್ಲಿನ ಅನೈತಿಕ ಪೊಲೀಸ್‌ಗಿರಿಯ ಬಗ್ಗೆ ಕೇಳಿದರು. ಭಾವನೆಗಳಿಗೆ ಧಕ್ಕೆಯಾದರೆ ಕ್ರಿಯೆಗೆ ಪ್ರತಿಕ್ರಿಯೆ ಆಗುತ್ತದೆ ಎಂಬ ಧಾಟಿಯಲ್ಲಿ ಉತ್ತರ ಬಂತು. ‘ಆಗುತ್ತದೆ’. ಇದನ್ನು ಗಮನಿಸಿ. ಮಳೆ ಆಗುತ್ತದೆ, ಸಂಜೆ ಆಗುತ್ತದೆ, ಹಾಗೆ ಪ್ರತಿಕ್ರಿಯೆಯೂ ಆಗುತ್ತದೆ. ಬಸ್ಸಿನಿಂದ ಹುಡುಗ ಹುಡುಗಿಯನ್ನು ಇಳಿಸಿ ಹೊಡೆದವರು ವಾಕ್ಯದಲ್ಲಿ ಇಲ್ಲವೇ ಇಲ್ಲ.

ಇದು ಒಂದು ಪಕ್ಷದ ವ್ಯಾಕರಣವಲ್ಲ. ತಾಯಿ ಇಂದಿರಾ ಗಾಂಧಿಯವರ ಹತ್ಯೆಯಾದ ಮೇಲೆ, 1984ರ ನವೆಂಬರ್ 19ರಂದು, ದೆಹಲಿಯಲ್ಲಿ ರಾಜೀವ್ ಗಾಂಧಿಯವರು ಆಡಿದ ಮಾತು, ದೊಡ್ಡ ಮರ ಬಿದ್ದಾಗ ನೆಲ ನಡುಗುತ್ತದೆ ಎನ್ನುವುದು, ಇದೇ ಅಚ್ಚಿನದು. ನೆಲ ನಡುಗಿತಂತೆ. ಹತ್ಯೆಯಾದ ಕೆಲವೇ ದಿನಗಳಲ್ಲಿ ದೆಹಲಿಯೊಂದರಲ್ಲೇ, ಸರ್ಕಾರದ ಲೆಕ್ಕದಲ್ಲೇ, 2,733 ಜನ ಸಿಖ್ಖರನ್ನು ಕೊಂದಿದ್ದರು. ಕೊಂದವರಿಗೆ ಹೆಸರಿತ್ತು, ಊರಿತ್ತು. ಮಾತಿನಲ್ಲಿ ಇದ್ದದ್ದು ಮರ ಮತ್ತು ನೆಲ.

ಮುಯ್ಯಿ ಪುಸ್ತಕದಲ್ಲಿ ಹೀಗೆ ಬರೆಯಲು ಆಗುವುದಿಲ್ಲ. ಅಲ್ಲಿ ಯಾರು ಕೊಟ್ಟರು, ಯಾವ ಊರು, ಎಷ್ಟು ಎಂದು ಬರೆಯಲೇಬೇಕು. ಹೆಸರಿಲ್ಲದ ಮುಯ್ಯಿ ಮುಯ್ಯಿಯೇ ಅಲ್ಲ. ಒಬ್ಬರು ಕೊಟ್ಟದ್ದಕ್ಕೆ ಇನ್ನೊಬ್ಬರ ಮನೆಗೆ ವಾಪಸ್ ಹಾಕುವುದೂ ಇಲ್ಲ. ಭಾಷಣದ ‘ಮುಯ್ಯಿಗೆ ಮುಯ್ಯಿ’ಯಲ್ಲಿ ಮಾಡಿದವನು ಒಬ್ಬ, ಅನುಭವಿಸುವವನು ಸಂಬಂಧವೇ ಇಲ್ಲದ ಇನ್ನೊಬ್ಬ. ಹಾಗಿದ್ದ ಮೇಲೆ ಅದಕ್ಕೆ ನಮ್ಮ ಪದ ಸಲ್ಲುತ್ತದೆಯೇ? ನನ್ನ ಮಟ್ಟಿಗೆ ಸಲ್ಲುವುದಿಲ್ಲ.

ಇನ್ನು ಹುಡುಗಿಯ 1,400 ರೂಪಾಯಿ. ಅವ್ವ ಅದನ್ನು ಮುಯ್ಯಿ ಅಂದಳು. ಆದರೆ ಅದು ಮುಯ್ಯಿ ಅಲ್ಲ, ಯಾಕೆಂದರೆ ಯಾರೂ ಅದನ್ನು ವಾಪಸ್ ಹಾಕಬೇಕಿಲ್ಲ. ಉಡುಗೊರೆಯೂ ಅಲ್ಲ, ಏಕೆಂದರೆ ಎಷ್ಟು ಎಂದು ಅವರೇ ಹೇಳಿದ್ದಾರೆ. ಶುಲ್ಕ ಅಂದರೆ ಕಾಲೇಜು ನೆನಪಾಗುತ್ತದೆ. ಪ್ರವೇಶ ದರ ಅಂದರೆ ಮೃಗಾಲಯ. ಹೊಸ ವರ್ಷದ ರಾತ್ರಿ ಎಂ.ಜಿ. ರಸ್ತೆಯ ಪಬ್ಬುಗಳಲ್ಲಿ ಇದಕ್ಕೆ ಕವರ್ ಚಾರ್ಜ್, ಕಪಲ್ ಎಂಟ್ರಿ ಅನ್ನುತ್ತಾರಂತೆ. ಅಲ್ಲಿಗೆ ಅದು ಸರಿ, ಅದು ವ್ಯಾಪಾರ. ಗೆಳತಿಯ ಹುಟ್ಟುಹಬ್ಬಕ್ಕೆ ಏನನ್ನಬೇಕು?

‘ಔತಣ’ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಆಮಂತ್ರಣ ಎಂಬುದೇ ಕನ್ನಡದ ಬಾಯಲ್ಲಿ ಔತಣ ಆಗಿದೆ ಎಂದು ಶಾಲೆಯಲ್ಲಿ ತದ್ಭವದ ಪಟ್ಟಿಯಲ್ಲಿ ಓದಿದ್ದೆವು. ಕರೆಯುವುದೇ ಅದರ ಜೀವ. ಕರೆದವರು ಉಣ್ಣಿಸಬೇಕು. 2014ರ ಲೋಕಸಭಾ ಚುನಾವಣೆಗೆ ಮುಂಚೆ ಅರವಿಂದ ಕೇಜ್ರಿವಾಲರು ಬೆಂಗಳೂರಿಗೆ ಬಂದಾಗ ಅವರ ಜೊತೆ ಊಟಕ್ಕೆ ತಲಾ 20,000 ರೂಪಾಯಿ ಇಟ್ಟಿದ್ದರು. ಪಕ್ಷಕ್ಕೆ ದುಡ್ಡು ಕೂಡಿಸಲು ಹಾಗೆ ಮಾಡಿದರು, ಮುಚ್ಚುಮರೆ ಇರಲಿಲ್ಲ. ತಪ್ಪೆಂದು ನಾನು ಹೇಳುವುದಿಲ್ಲ. ಅದನ್ನು ದೇಣಿಗೆ ಊಟ ಅನ್ನಬಹುದಿತ್ತು. ಔತಣಕೂಟ ಅಂದಾಗ ಪದದ ಜೀವ ಹೋಗುತ್ತದೆ.

ಅದಕ್ಕೆ ತಿರುಗುಮುರುಗಾದ ಇನ್ನೊಂದು ಊಟವೂ ಇದೆ. ಚುನಾವಣೆ ಹತ್ತಿರ ಬಂದಾಗ ತೋಟದಲ್ಲಿ ನಡೆಯುವ ಬಾಡೂಟ. ಅಲ್ಲಿ ಯಾರೂ ಪುಸ್ತಕ ಹಿಡಿದು ಕೂರುವುದಿಲ್ಲ, ಯಾರೂ 51 ಕೇಳುವುದಿಲ್ಲ. ಆದರೆ ಉಂಡವರಿಗೆಲ್ಲ ಗೊತ್ತು, ವಾಪಸ್ ಏನು ಹಾಕಬೇಕು ಎಂದು. ‘ಉಂಡ ಮನೆಗೆ ದ್ರೋಹ ಬಗೆಯಬಾರದು’ ಎಂದು ಬೆಳೆದ ಜನ ನಾವು. ಆ ನಿಯತ್ತನ್ನೇ ಹಿಡಿದು ಮತ ಕೇಳುತ್ತಾರೆ. ಊಟ, ಕುಡಿತ, ಮನರಂಜನೆಯ ರೂಪದಲ್ಲಿ ಮತದಾರರಿಗೆ ಕೊಡುವುದೂ ಲಂಚವೇ ಎಂದು ಭಾರತೀಯ ದಂಡ ಸಂಹಿತೆಯ 171ಇ ಕಲಮು ಹೇಳುತ್ತಿತ್ತು. ಕಾನೂನಿಗೆ ಗೊತ್ತಿದ್ದದ್ದು ಇಷ್ಟೇ: ಇದು ಮುಯ್ಯಿಯ ವೇಷ ಹಾಕಿದ ಖರೀದಿ.

ನನಗೆ ಸದ್ಯಕ್ಕೆ ಹೊಳೆದಿರುವುದು ‘ವಂತಿಗೆ’. ವಂತು ಅಂದರೆ ಪಾಲು, ಸರದಿ. ಊರ ಹಬ್ಬಕ್ಕೆ, ಮಾರಿಹಬ್ಬಕ್ಕೆ ಮನೆಗಿಷ್ಟು ಎಂದು ಎತ್ತುವುದು ವಂತಿಗೆ. ಇಂತಿಷ್ಟು ಎಂದು ಮೊದಲೇ ಗೊತ್ತುಮಾಡಿರುತ್ತಾರೆ, ಎಲ್ಲರೂ ಸಮ, ಎಲ್ಲರದೂ ಊಟ. ಯಾರೂ ಅತಿಥಿಯಲ್ಲ, ಯಾರೂ ಯಜಮಾನನಲ್ಲ. ಅಮೆರಿಕದಲ್ಲಿರುವ ಕನ್ನಡ ಕೂಟದವರು ಯುಗಾದಿ, ದೀಪಾವಳಿ ಊಟಕ್ಕೆ ಟಿಕೆಟ್ ಇಡುತ್ತಾರಲ್ಲ, ಅದಕ್ಕೂ ಇದು ಹೊಂದುತ್ತದೆ. ‘ವಂತಿಗೆ ಊಟ’, ‘ವಂತಿಗೆ ಪಾರ್ಟಿ’. ನಮ್ಮ ಹುಡುಗಿಗೆ ಹೇಳಿದೆ. ಅವಳಿಗೆ ಹಿಡಿಸಿತು. ಉತ್ತರ ಕರ್ನಾಟಕದವರು ‘ಪಟ್ಟಿ ಎತ್ತುವುದು’ ಅನ್ನುತ್ತಾರೆ. ಅಲ್ಲಿ ಗೆಳೆಯರು ಸೇರಿ ಮಾಡುವ ಊಟಕ್ಕೂ ಪಟ್ಟಿ ಅನ್ನಬಹುದೋ, ಗಣಪತಿಗೆ ಮಾತ್ರವೋ? ಕರಾವಳಿಯವರೂ ಮಲೆನಾಡಿನವರೂ ಏನನ್ನುತ್ತೀರಿ?

ಮುಯ್ಯಿಯ ಬಗ್ಗೆ ಒಂದು ಸಣ್ಣ ಕೆಲಸ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಇಪ್ಪತ್ತೈದರ ಒಳಗಿನವರು ಯಾರಾದರೂ ಇದ್ದರೆ, ಏನೂ ವಿವರಿಸದೆ ‘ಮುಯ್ಯಿ ಅಂದರೇನು’ ಎಂದು ಕೇಳಿ ನೋಡಿ. ಮೊದಲು ಯಾವ ಅರ್ಥ ಹೇಳಿದರು, ಯಾವ ಜಿಲ್ಲೆಯವರು ಎಂದು ಬರೆಯಿರಿ. ‘ಆಶೀರ್ವಾದವೇ ಉಡುಗೊರೆ’ ಎಂದು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಮನೆಗಳಲ್ಲಿ ಮುಯ್ಯಿ ಪುಸ್ತಕವೇ ಇರುವುದಿಲ್ಲ. ಅಲ್ಲಿನ ಮಕ್ಕಳು ಈ ಪದವನ್ನು ಎಲ್ಲಿಂದ ಕಲಿಯುತ್ತಾರೆ ಅನ್ನುವುದೂ ತಿಳಿಯಬೇಕು. ‘ತೀರಿಸು’ ಮತ್ತು ‘ತೀರಿಸಿಕೊಳ್ಳು’ ನಡುವೆ ನಾನು ಹೇಳಿದ ವ್ಯತ್ಯಾಸ ನಿಮ್ಮ ಕಡೆಯೂ ಇದೆಯೇ ಎಂಬುದನ್ನೂ ಸೇರಿಸಿ.

ಕೊನೆಗೆ ಒಂದು ಅಕ್ಷರದ ಪ್ರಶ್ನೆ. ಈ ಮಾತೆಲ್ಲ ಆದ ಮೇಲೆ ಅವ್ವ ಪೆಟ್ಟಿಗೆಯಿಂದ ಅಣ್ಣನ ಮದುವೆಯ ಪುಸ್ತಕ ತೆಗೆದುಕೊಟ್ಟಳು. 1989ರದು. ಮೇಷ್ಟ್ರ ಅಕ್ಷರ, ನೀಲಿ ಶಾಯಿ. ಅಜ್ಜಿ ಮೊಮ್ಮಗಳು ಇಬ್ಬರೂ ಕೂತು ಓದಿದರು. ಹನ್ನೊಂದು ರೂಪಾಯಿ ಹಾಕಿದವರು ಜಾಸ್ತಿ. ಒಬ್ಬರು ಎರಡು ತೆಂಗಿನಕಾಯಿ. ಕೆಲವು ಹೆಸರಿನ ಮುಂದೆ ‘ತೀ’ ಎಂದು ಸಣ್ಣದಾಗಿ ಬರೆದಿದೆ. ತೀರಿತು ಎಂದು ಗೊತ್ತಾಯಿತು. ಹನ್ನೆರಡು ಹೆಸರಿನ ಮುಂದೆ ‘ಹೊ’ ಎಂದಿದೆ. ‘ಹೊಸ ಮುಯ್ಯಿ’ಯೋ, ‘ಹೊಡೆದು ಹಾಕಿದ್ದು’ ಎಂದೋ ಅವ್ವನಿಗೂ ನೆನಪಿಲ್ಲ. ಮೇಷ್ಟ್ರು ಈಗಿಲ್ಲ. ಮೊದಲನೆಯದಾದರೆ ಆ ಹನ್ನೆರಡು ಮನೆಗೆ ನಾವಿನ್ನೂ ಹಾಕಬೇಕು, ಅವರಲ್ಲಿ ಒಂದು ಮನೆಯ ಮದುವೆ ಬರುವ ತಿಂಗಳೇ ಇದೆ. ನಿಮ್ಮ ಮನೆಯ ಹಳೆಯ ಪುಸ್ತಕಗಳಲ್ಲಿ ಈ ಗುರುತು ನೋಡಿದವರು ಯಾರಾದರೂ ಇದ್ದರೆ ಬೇಗ ತಿಳಿಸಿ.